ಬೂಷ್ಟು ಹುಲ್ಲಿನ ಧೂಳು ಮತ್ತು ರೈತನ ಪುಪ್ಪುಸ

ಮಳೆಯಲ್ಲಿ ನೆನೆದ ಭತ್ತದ ಹುಲ್ಲನ್ನು ಪೂರ್ತಿ ಒಣಗುವ ಮೊದಲೇ ಮೆದೆ ಒಟ್ಟಿದರೆ ಏನಾಗುವುದೆಂಬುದು ರೈತರಿಗೆ ಗೊತ್ತಿರುವ ವಿಷಯವೇ. ಮೆದೆ ಒಳಗೆ ಬಿಸಿಯಾಗುತ್ತದೆ, ಹುಲ್ಲು ಕಪ್ಪಿಡುತ್ತದೆ, ಕೆಲವು ವಾರಗಳ ನಂತರ ಕಿತ್ತಾಗ ಹಿಟ್ಟಿನಂಥ ಧೂಳು ಏಳುತ್ತದೆ. ದನ ಅದನ್ನು ಮೂಸಿ ನೋಡಿ ಬಿಟ್ಟುಬಿಡುತ್ತದೆ. ಹಾಳಾದ ಹುಲ್ಲಿನ ಬೆಲೆ ಎಷ್ಟೆಂದು ನಾವು ಲೆಕ್ಕ ಹಾಕುತ್ತೇವೆ. ಆದರೆ ಆ ಧೂಳಿನ ನಡುವೆ ನಿಂತು ಹುಲ್ಲು ಕಿತ್ತವನ ಎದೆಗೆ ಆದ ನಷ್ಟವನ್ನು ಲೆಕ್ಕಕ್ಕೆ ಹಿಡಿಯುವವರು ಕಡಮೆ.

ಈ ಧೂಳಿನಿಂದ ಬರುವ ರೋಗ ಹೀಗಿರುತ್ತದೆ. ಬೆಳಿಗ್ಗೆ ಎರಡು ಮೂರು ಗಂಟೆ ಕಾಲ ಬೂಷ್ಟು ಹಿಡಿದ ಹುಲ್ಲನ್ನು ಕಿತ್ತು, ಕೊಡವಿ, ಕೊಟ್ಟಿಗೆಗೆ ಹೊತ್ತು ಹಾಕಿದ್ದೀರಿ ಎನ್ನಿ. ಆಗ ಒಂದೆರಡು ಸೀನು ಬಂದಿರಬಹುದು, ಅಷ್ಟೆ. ಮಧ್ಯಾಹ್ನ ಊಟ ಮಾಡಿ ಮತ್ತೆ ಹೊಲಕ್ಕೂ ಹೋಗಿರುತ್ತೀರಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೈ ನಡುಗಿ ಚಳಿ ಬರುತ್ತದೆ. ಜ್ವರ ಏರುತ್ತದೆ, ಮೈಕೈ ನೋಯುತ್ತದೆ, ಒಣ ಕೆಮ್ಮು, ಎದೆ ಬಿಗಿತ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ರಾತ್ರಿಯೆಲ್ಲ ಬೆವರಿ ಮಾರನೆಯ ದಿನಕ್ಕೋ ಅದರ ಮಾರನೆಯ ದಿನಕ್ಕೋ ಜ್ವರ ತಾನಾಗಿಯೇ ಇಳಿಯುತ್ತದೆ. ನೀವು ಅದನ್ನು ‘ಶೀತಜ್ವರ’ ಎಂದೋ ‘ಬಿಸಿಲು ತಾಗಿತು’ ಎಂದೋ ಹೇಳಿ ಮರೆತುಬಿಡುತ್ತೀರಿ. ವಾರ ಕಳೆದು ಪುನಃ ಅದೇ ಮೆದೆಗೆ ಕೈ ಹಾಕಿದ ದಿನ ಪುನಃ ಅದೇ ಜ್ವರ ಬರುತ್ತದೆ.

ಧೂಳು ಕುಡಿದದ್ದಕ್ಕೂ ಜ್ವರ ಬಂದದ್ದಕ್ಕೂ ನಡುವೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ಗಂಟೆಗಳ ಅಂತರವಿರುತ್ತದೆ. ಈ ಅಂತರವೇ ಎಲ್ಲರನ್ನೂ ದಾರಿ ತಪ್ಪಿಸುವುದು. ಧೂಳು ಮೂಗಿಗೆ ಹೋದ ಕೂಡಲೇ ಉಸಿರು ಕಟ್ಟಿದ್ದರೆ ಕಾರಣ ಯಾರಿಗಾದರೂ ಹೊಳೆಯುತ್ತಿತ್ತು. ಬೆಳಗಿನ ಕೆಲಸಕ್ಕೂ ರಾತ್ರಿಯ ಜ್ವರಕ್ಕೂ ಗಂಟು ಹಾಕುವವರು ಯಾರು? ಆದ್ದರಿಂದ ಈ ಲೇಖನದಲ್ಲಿ ಬೇರೆ ಏನನ್ನು ಮರೆತರೂ ಇದೊಂದನ್ನು ನೆನಪಿಡಿ : ಸುಗ್ಗಿಯ ನಂತರ ಸಂಜೆ ಹೊತ್ತಿಗೆ ಚಳಿಜ್ವರ ಬಂದರೆ, ಆ ದಿನ ಬೆಳಿಗ್ಗೆ ಯಾವ ಧೂಳಿನಲ್ಲಿ ಕೆಲಸ ಮಾಡಿದಿರಿ ಎಂದು ಕೇಳಿಕೊಳ್ಳಿ.

ಹಳೆಯ ರೋಗ, ತಡವಾಗಿ ತಿಳಿದ ಕಾರಣ

ಧಾನ್ಯದ ಧೂಳು ಎದೆಗೆ ಕೆಟ್ಟದ್ದೆಂಬುದು ಹೊಸ ಮಾತಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಮಜಿನಿ 1700ರಲ್ಲಿ ಕಸುಬುಗಳಿಂದ ಬರುವ ರೋಗಗಳನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ, ಕಾಳು ಜರಡಿ ಹಿಡಿಯುವವರ ಮತ್ತು ಅಳೆಯುವವರ ಕೆಮ್ಮು ದಮ್ಮುಗಳನ್ನು ವರ್ಣಿಸಿದ್ದಾನೆ. ಬೂಷ್ಟು ಹುಲ್ಲಿನ ಜ್ವರವನ್ನು ಒಂದು ಪ್ರತ್ಯೇಕ ರೋಗವೆಂದು ವೈದ್ಯ ಪತ್ರಿಕೆಯಲ್ಲಿ ಬರೆದವರು ಇಂಗ್ಲೆಂಡಿನ ಡಾಕ್ಟರ್ ಕ್ಯಾಂಪ್‌ಬೆಲ್, 1932ರಲ್ಲಿ. ಮಳೆ ಹೆಚ್ಚಾದ ವರ್ಷ ಹಸಿಯಾಗಿಯೇ ಕೂಡಿಟ್ಟ ಹುಲ್ಲನ್ನು ನಿರ್ವಹಿಸಿದ ಕೃಷಿ ಕೆಲಸಗಾರರಲ್ಲಿ ಅವರು ಇದನ್ನು ಕಂಡರು. ಮುಂದೆ ಇದಕ್ಕೆ ‘ಫಾರ್ಮರ್ಸ್ ಲಂಗ್’, ಅಂದರೆ ರೈತನ ಪುಪ್ಪುಸ ಎಂಬ ಹೆಸರೇ ನಿಂತಿತು. ರೈತನ ಹೆಸರಿನ ರೋಗಗಳು ಹೆಚ್ಚಿಲ್ಲ; ಇದೊಂದು ನಮ್ಮ ಪಾಲಿಗೆ ಬಂದಿದೆ.

ಧೂಳಿನಲ್ಲಿರುವ ಯಾವುದು ಈ ಕೇಡು ಮಾಡುತ್ತದೆಂದು ತಿಳಿಯಲು ಇನ್ನೂ ಮೂವತ್ತು ವರ್ಷ ಬೇಕಾಯಿತು. 1963ರಲ್ಲಿ ಪೆಪಿಸ್ ಮತ್ತು ಸಂಗಡಿಗರು, ಬಿಸಿಯಾದ ಹುಲ್ಲಿನಲ್ಲಿ ಬೆಳೆಯುವ ಆಕ್ಟಿನೋಮೈಸಿಟ್ ಎಂಬ ಸೂಕ್ಷ್ಮಜೀವಿಗಳೇ ಮುಖ್ಯ ಕಾರಣವೆಂದು ತೋರಿಸಿದರು. ಇವು ಬ್ಯಾಕ್ಟೀರಿಯಾ ವರ್ಗಕ್ಕೆ ಸೇರಿದರೂ ನೋಟಕ್ಕೆ ಬೂಷ್ಟಿನಂತೆಯೇ ಎಳೆ ಎಳೆಯಾಗಿ ಬೆಳೆಯುತ್ತವೆ. ಮಳೆಯಾದಾಗ ಬರುವ ಮಣ್ಣಿನ ವಾಸನೆಯೂ ಇದೇ ಕುಲದ ಕೆಲವು ಜೀವಿಗಳದ್ದು. ಇವುಗಳಲ್ಲಿ ಶಾಖಪ್ರಿಯವಾದವು 50ರಿಂದ 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹುಲುಸಾಗಿ ಬೆಳೆದು ಲೆಕ್ಕವಿಲ್ಲದಷ್ಟು ಬೀಜಕಣಗಳನ್ನು ಉತ್ಪತ್ತಿ ಮಾಡುತ್ತವೆ. ಒಂದೊಂದು ಕಣದ ಗಾತ್ರ ಸುಮಾರು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ದಪ್ಪ ಧೂಳನ್ನು ಮೂಗಿನ ಕೂದಲೂ ಗಂಟಲಿನ ಲೋಳೆಯೂ ತಡೆಯುತ್ತವೆ. ಐದು ಮೈಕ್ರಾನಿಗಿಂತ ಸಣ್ಣ ಕಣಗಳು ಆ ಕಾವಲನ್ನೆಲ್ಲ ದಾಟಿ ಪುಪ್ಪುಸದ ತುತ್ತತುದಿಯ ಗಾಳಿಗೂಡುಗಳವರೆಗೆ ಹೋಗುತ್ತವೆ. ರಕ್ತಕ್ಕೆ ಪ್ರಾಣವಾಯು ಸೇರುವ ಸ್ಥಳ ಅದೇ.

ಎಷ್ಟು ಕಣಗಳು? ಕೆಟ್ಟ ಹುಲ್ಲನ್ನು ಮುಚ್ಚಿದ ಕೊಟ್ಟಿಗೆಯಲ್ಲಿ ಕೊಡವಿದಾಗ ಒಂದು ಘನ ಮೀಟರು ಗಾಳಿಯಲ್ಲಿ 160 ಕೋಟಿಯವರೆಗೆ ಕಣಗಳಿದ್ದುದನ್ನು ಇಂಗ್ಲೆಂಡಿನ ಪ್ರಯೋಗಗಳಲ್ಲಿ ಎಣಿಸಿದ್ದಾರೆ.

ಇದು ಅಂಟುರೋಗವಲ್ಲ ಎಂಬುದನ್ನು ಗಮನಿಸಿ. ಆ ಜೀವಿಗಳು ಪುಪ್ಪುಸದಲ್ಲಿ ನೆಲೆಸಿ ಬೆಳೆಯುವುದಿಲ್ಲ. ಹಲವು ಸಲ ಧೂಳು ಕುಡಿದ ಮೇಲೆ ಕೆಲವರ ದೇಹ ಆ ಕಣಗಳ ಮೇಲೆ ಹಗೆ ಸಾಧಿಸಲು ಕಲಿಯುತ್ತದೆ. ಆನಂತರ ಸ್ವಲ್ಪ ಧೂಳು ಹೋದರೂ ಸಾಕು, ಗಾಳಿಗೂಡುಗಳ ಗೋಡೆ ಬಾತುಕೊಳ್ಳುತ್ತದೆ. ಜ್ವರವೂ ಏದುಸಿರೂ ಈ ಬಾವಿನಿಂದ. ಒಂದೇ ಕಣದಲ್ಲಿ ದುಡಿದ ಹತ್ತು ಜನರಲ್ಲಿ ಒಬ್ಬನಿಗೆ ಮಾತ್ರ ಬರುವುದೂ ಇದರಿಂದಲೇ. ಅವನು ಮೈಗಳ್ಳನೆಂದು ತಿಳಿಯಬಾರದು.

ಇನ್ನೊಂದು ಬಗೆಯೂ ಉಂಟು. ಬಹಳ ಕೆಟ್ಟುಹೋದ ಕಾಳಿನ ರಾಶಿಯನ್ನೋ ಹುಲ್ಲನ್ನೋ ಒಂದೇ ದಿನ ಎತ್ತಿಹಾಕಿದಾಗ ಅಲ್ಲಿದ್ದ ಹಲವರಿಗೆ ಒಟ್ಟಿಗೆ ಸಂಜೆ ಜ್ವರ ಬಂದು ಒಂದೆರಡು ದಿನಗಳಲ್ಲಿ ಗುಣವಾಗುತ್ತದೆ. ಇದು ಧೂಳಿನ ನಂಜು. ಮೊದಲ ಸಲ ಕೆಲಸಕ್ಕೆ ಬಂದವನಿಗೂ ಬರುತ್ತದೆ. ಇದು ಪುಪ್ಪುಸವನ್ನು ಸಾಮಾನ್ಯವಾಗಿ ಶಾಶ್ವತವಾಗಿ ಕೆಡಿಸುವುದಿಲ್ಲ. ಆದರೆ ಅಷ್ಟು ಧೂಳು ಕುಡಿಯುವಂಥ ಕೆಲಸ ನಡೆದಿದೆ ಎಂಬುದಕ್ಕೆ ಅದು ಸಾಕ್ಷಿ.

ಅಲಕ್ಷ್ಯ ಮಾಡಿದರೆ

ಜ್ವರದ ರೂಪದಲ್ಲಿ ಬರುವ ರೋಗ ಒಂದು ರೀತಿಯಲ್ಲಿ ಒಳ್ಳೆಯದೇ, ಏಕೆಂದರೆ ಎಚ್ಚರಿಸುತ್ತದೆ. ದಿನಾ ಸ್ವಲ್ಪ ಸ್ವಲ್ಪ ಧೂಳು ಕುಡಿಯುವವರಲ್ಲಿ ಜ್ವರವೇ ಇಲ್ಲದೆ ರೋಗ ಬೆಳೆಯಬಹುದು. ಮೊದಲು ಕೆಮ್ಮು. ಆಮೇಲೆ ನೀರಿನ ಕೊಡ ಹೊತ್ತು ಏರಿ ಹತ್ತುವಾಗ ಉಸಿರು ಸಾಲದು. ಊಟ ಸೇರದು, ಮೈ ಇಳಿಯುತ್ತದೆ. ವರ್ಷಗಳು ಕಳೆದಂತೆ ಬಾತ ಜಾಗದಲ್ಲಿ ಗಾಯ ಮಾಗಿದ ಕಲೆಯಂಥ ಗಟ್ಟಿ ನಾರು ತುಂಬಿಕೊಂಡು ಪುಪ್ಪುಸ ಬಿರುಸಾಗುತ್ತದೆ. ಹಾಗೆ ನಾರಾದ ಭಾಗ ಯಾವ ಔಷಧಿಯಿಂದಲೂ ಮೊದಲಿನಂತಾಗದು. ದುಡಿಯುವ ಕೈಯೊಂದು ಮನೆಯ ಜಗಲಿ ಹಿಡಿದು ಕೂರುತ್ತದೆ.

ನಮ್ಮಲ್ಲಿ ಕೆಮ್ಮು, ಜ್ವರ, ಮೈ ಇಳಿಯುವುದು ಎಂದರೆ ಮೊದಲು ನೆನಪಾಗುವುದು ಕ್ಷಯ. ಅದು ತಪ್ಪಲ್ಲ. ಎರಡು ವಾರ ಮೀರಿದ ಯಾವುದೇ ಕೆಮ್ಮಿಗೆ ಕಫದ ಪರೀಕ್ಷೆ ಆಗಲೇಬೇಕು. ಆದರೆ ಕಫದಲ್ಲಿ ಕ್ಷಯದ ಕ್ರಿಮಿ ಕಾಣದೆ, ಔಷಧಿಯಿಂದಲೂ ಗುಣ ಕಾಣದೆ ಇದ್ದಾಗ ಈ ರೋಗವನ್ನೂ ಯೋಚಿಸಬೇಕು. ಭಾರತದ 27 ಆಸ್ಪತ್ರೆಗಳಲ್ಲಿ ಪುಪ್ಪುಸದ ಗೋಡೆ ಬಿರುಸಾಗುವ ರೋಗಗಳಿಂದ ನರಳುತ್ತಿದ್ದ 1084 ಜನರನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಶೇಕಡ 47 ಮಂದಿಗೆ ಇದ್ದದ್ದು ಉಸಿರಿನೊಂದಿಗೆ ಒಳಹೋದ ಬೂಷ್ಟು, ಹಕ್ಕಿಗಳ ಪುಕ್ಕ ಮುಂತಾದವುಗಳಿಂದ ಬಂದ ಇದೇ ವರ್ಗದ ರೋಗ. ಅವರಲ್ಲಿ ಹೆಚ್ಚುಕಡಮೆ ಅರ್ಧ ಜನ ನೀರು ಹಾಕುವ ಏರ್ ಕೂಲರುಗಳ ಗಾಳಿ ಕುಡಿದವರು. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಓದುಗರು ಇದನ್ನು ಗಮನಿಸಬೇಕು. ಬೇಸಗೆಗೆ ಕೂಲರನ್ನು ಹೊರತೆಗೆದಾಗ ಹಳೆಯ ಮೆತ್ತೆಯನ್ನು ಎಸೆದು ಹೊಸದು ಹಾಕಿ, ತೊಟ್ಟಿಯನ್ನು ಉಜ್ಜಿ ತೊಳೆದು, ನೀರನ್ನು ಆಗಾಗ ಪೂರ್ತಿ ಬದಲಿಸುತ್ತಿರಬೇಕು.

ಹುಲ್ಲು ಎಷ್ಟು ಒಣಗಿರಬೇಕು?

ಈ ರೋಗದ ಮೂಲ ಒದ್ದೆ ಹುಲ್ಲು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನ ಕೇಂದ್ರದವರು 1963ರಲ್ಲಿ ಪ್ರಕಟಿಸಿದ ಪ್ರಯೋಗದ ಫಲಿತಾಂಶ ಇಂದಿಗೂ ನಮಗೆ ಅಳತೆಗೋಲು. ಶೇಕಡ 16ರಷ್ಟು ತೇವಾಂಶವಿದ್ದಾಗ ಕಟ್ಟಿದ ಹುಲ್ಲು ಬಿಸಿಯಾಗಲಿಲ್ಲ, ಬೂಷ್ಟೂ ಅಲ್ಪ. ಶೇಕಡ 25ರಷ್ಟಿದ್ದಾಗ ಶಾಖ 45 ಡಿಗ್ರಿಯವರೆಗೆ ಏರಿ ಸಾಮಾನ್ಯ ಬೂಷ್ಟುಗಳು ಬೆಳೆದವು. ಶೇಕಡ 40ರ ಸುಮಾರಿನಲ್ಲಿ ಕಟ್ಟಿದ ಹುಲ್ಲು 60 ಡಿಗ್ರಿ ದಾಟಿ ಬಿಸಿಯಾಯಿತು. ರೋಗಕಾರಕ ಶಾಖಪ್ರಿಯ ಜೀವಿಗಳು ತುಂಬಿದ್ದು ಅದರಲ್ಲೇ. ಅಂದರೆ ಒಣಗಿಸುವುದರಲ್ಲಿ ಒಂದೆರಡು ದಿನ ಉಳಿಸಲು ಹೋದರೆ ಅದರ ಬೆಲೆ ತೆರುವುದು ಪುಪ್ಪುಸ.

ನಮ್ಮ ನಾಡಿನಲ್ಲಿ ಇದರ ಅಪಾಯದ ಕಾಲ ಎರಡು. ಮುಂಗಾರು ಬೆಳೆಯ ಕೊಯ್ಲಿನ ವೇಳೆಗೆ ನವೆಂಬರ್, ಡಿಸೆಂಬರ್ ತಿಂಗಳಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಹಿಡಿಯುವ ಜಡಿಮಳೆ ಒಂದು. ಬೇಸಗೆ ಭತ್ತದ ಕೊಯ್ಲಿನ ಹೊತ್ತಿಗೆ ಏಪ್ರಿಲ್, ಮೇ ತಿಂಗಳಲ್ಲಿ ಬೀಳುವ ಮಳೆ ಇನ್ನೊಂದು. ಮಲೆನಾಡು, ಕರಾವಳಿಗಳಲ್ಲಿ ಗಾಳಿಯೇ ತೇವವಾದ್ದರಿಂದ ಒಣಗಿದ ಹುಲ್ಲೂ ಮಳೆಗಾಲದಲ್ಲಿ ಪುನಃ ತೇವ ಹೀರಿಕೊಳ್ಳುತ್ತದೆ.

ಇವಕ್ಕೆ ಈಚಿನ ವರ್ಷಗಳಲ್ಲಿ ಮೂರನೆಯದೊಂದು ಸೇರಿದೆ. ತುಂಗಭದ್ರಾ, ಭದ್ರಾ, ಕಾವೇರಿ ಅಚ್ಚುಕಟ್ಟುಗಳಲ್ಲಿ ಈಗ ಯಂತ್ರದಿಂದ ಕೊಯ್ಲು ಮಾಡಿಸಿ, ಹಿಂದೆಯೇ ಇನ್ನೊಂದು ಯಂತ್ರದಿಂದ ಹುಲ್ಲನ್ನು ಸುತ್ತಿ ಉಂಡೆ ಕಟ್ಟಿಸುವುದುಂಟು. ಕೈಯಲ್ಲಿ ಕೊಯ್ದ ಕಾಲದಲ್ಲಿ ಸಿವುಡು ಗದ್ದೆಯಲ್ಲಿ ಬಿಸಿಲು ಕಾಯುತ್ತಿತ್ತು, ಕಣದಲ್ಲಿ ಬಡಿದ ಮೇಲೂ ಹುಲ್ಲು ಒಣಗುತ್ತಿತ್ತು. ಯಂತ್ರ ಕೊಯ್ದಾಗ ಕಾಳು ಒಣಗಿದ್ದರೂ ಕಾಂಡ ಇನ್ನೂ ಹಸಿರಾಗಿರುತ್ತದೆ. ಮಾರನೆಯ ದಿನವೇ ಉಂಡೆ ಕಟ್ಟಿಸಿದರೆ ಬಿಗಿಯಾಗಿ ಒತ್ತಿದ ಹಸಿ ಹುಲ್ಲಿನೊಳಗೆ ಗಾಳಿಯಾಡುವುದಿಲ್ಲ, ಶಾಖ ಹೊರಬರುವುದಿಲ್ಲ. ಇಂಗ್ಲೆಂಡಿನವರು ಪ್ರಯೋಗಕ್ಕೆಂದು ಮಾಡಿದ್ದನ್ನು ನಾವು ಬಾಡಿಗೆ ಕೊಟ್ಟು ಮಾಡಿಸಿದಂತಾಗುತ್ತದೆ. ಯಂತ್ರದವನು ಅವಸರಪಡಿಸುವುದು ಸಹಜ, ಅವನಿಗೆ ಮುಂದಿನ ಊರು ಕಾದಿರುತ್ತದೆ. ನೀವು ಒಪ್ಪಬೇಡಿ. ಹುಲ್ಲಿನ ಸಾಲನ್ನು ಬಿಸಿಲಿಗೆ ಬಿಟ್ಟು, ಒಮ್ಮೆಯಾದರೂ ಮಗುಚಿ ಹಾಕಿಸಿ, ಕಾಂಡದ ಗೆಣ್ಣು ಒಣಗಿದೆಯೆಂದು ಖಚಿತವಾದ ಮೇಲೆ ಕಟ್ಟಿಸಿ.

ಒಣಗಿದೆಯೋ ಇಲ್ಲವೋ ನೋಡಲು ಯಂತ್ರವೇ ಬೇಕಿಲ್ಲ. ಒಂದು ಒಣ ಗಾಜಿನ ಬಾಟಲಿಗೆ, ಬಾಣಲೆಯಲ್ಲಿ ಹುರಿದು ಆರಿಸಿದ ಪುಡಿ ಉಪ್ಪನ್ನು ಒಂದು ಹಿಡಿ ಹಾಕಿ, ಮೆದೆಗೆ ಹೋಗಬೇಕಾದ ಹುಲ್ಲಿನಿಂದ ಅಲ್ಲಲ್ಲಿ ತೆಗೆದು ಬೆರಳುದ್ದ ಕತ್ತರಿಸಿದ ಚೂರುಗಳನ್ನು ಸೇರಿಸಿ ಮುಚ್ಚಳ ಬಿಗಿಯಿರಿ. ಎರಡು ನಿಮಿಷ ಚೆನ್ನಾಗಿ ಕುಲುಕಿ ಸ್ವಲ್ಪ ಹೊತ್ತು ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಅಥವಾ ಹೆಪ್ಪುಗಟ್ಟಿದರೆ ತೇವಾಂಶ ಸುಮಾರು ಶೇಕಡ 15ಕ್ಕಿಂತ ಹೆಚ್ಚಿದೆಯೆಂದು ತಿಳಿಯಬೇಕು. ಉಪ್ಪು ಬಿಡಿಬಿಡಿಯಾಗಿ ಉದುರಿದರೆ ಒಟ್ಟಬಹುದು. ಕಾಳಿಗೂ ಇದೇ ಪರೀಕ್ಷೆ ನಡೆಯುತ್ತದೆ.

ಈಗಾಗಲೇ ಒಟ್ಟಿದ ಮೆದೆಯ (ಉತ್ತರ ಕರ್ನಾಟಕದವರ ಬಣವೆಯ) ಒಳಗಿನ ಸ್ಥಿತಿ ತಿಳಿಯಬೇಕಾದರೆ ಉದ್ದನೆಯ ಕಬ್ಬಿಣದ ಸರಳನ್ನು ನಡುವಿನವರೆಗೆ ಚುಚ್ಚಿ ಕಾಲು ಗಂಟೆ ಬಿಟ್ಟು ಹೊರಗೆಳೆದು ತುದಿಯನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಎಚ್ಚರ ವಹಿಸಿ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಿದ್ದರೆ ಒಳಗೆ ಶಾಖಪ್ರಿಯ ಜೀವಿಗಳ ಸಂತೆಯೇ ನೆರೆದಿದೆ. ಅಷ್ಟು ಮಾತ್ರವಲ್ಲ, ಶಾಖ ಇನ್ನೂ ಏರಿದರೆ ಅಂಥ ಮೆದೆ ತಾನಾಗಿಯೇ ಹೊತ್ತಿಕೊಳ್ಳುವುದೂ ಉಂಟು.

ಮೆದೆಯನ್ನು ನೇರವಾಗಿ ನೆಲದ ಮೇಲೆ ಒಟ್ಟದೆ ಕಲ್ಲು, ಮರದ ತುಂಡುಗಳ ಅಟ್ಟಣೆಯ ಮೇಲೆ ಒಟ್ಟಿ. ನೆತ್ತಿಯನ್ನು ಇಳಿಜಾರಾಗಿ ಬಿಗಿಯಾಗಿ ಮುಗಿಸಿ. ಪ್ಲಾಸ್ಟಿಕ್ ಹೊದಿಕೆಯನ್ನು ನೆತ್ತಿಗೆ ಮಾತ್ರ ಹೊದಿಸಿ, ಬದಿಗಳನ್ನು ಗಾಳಿಗೆ ಬಿಡಿ. ಹಸಿ ಮೆದೆಯನ್ನು ನಾಲ್ಕೂ ಕಡೆ ಪ್ಲಾಸ್ಟಿಕ್ಕಿನಿಂದ ಸುತ್ತುವುದು ಬೂಷ್ಟಿಗೆ ಕಂಬಳಿ ಹೊದಿಸಿದ ಹಾಗೆ.

ಕಬ್ಬಿನ ಸಿಪ್ಪೆ ಮತ್ತು ಇತರ ಧೂಳುಗಳು

ಕಬ್ಬಿನ ಸಿಪ್ಪೆ (ರಚ್ಚು) ರಾಶಿ ಹಾಕಿದಲ್ಲಿಯೂ ಇದೇ ಕಥೆ. ಕಾರ್ಖಾನೆಯ ಗಾಣದಿಂದ ಹೊರಬಂದ ಸಿಪ್ಪೆಯಲ್ಲಿ ಅರ್ಧದಷ್ಟು ನೀರೇ ಇರುತ್ತದೆ, ಜೊತೆಗೆ ಉಳಿದ ಸಕ್ಕರೆ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಊಟ ಯಾವುದು? ಈ ಸಿಪ್ಪೆಯ ಧೂಳಿನಿಂದ ಬರುವ ಪುಪ್ಪುಸ ರೋಗಕ್ಕೆ ಬಗಾಸೋಸಿಸ್ ಎಂದು ಹೆಸರು. ಅಮೆರಿಕದ ಲೂಸಿಯಾನದಲ್ಲಿ 1941ರಲ್ಲಿ ಮೊದಲು ವರದಿಯಾದ ಇದು 1950ರ ದಶಕದಲ್ಲಿ ಭಾರತದಲ್ಲಿಯೂ ವರದಿಯಾಯಿತು. ಹೊಸ ಸಿಪ್ಪೆಯಿಂದ ಈ ರೋಗ ಬರುವುದಿಲ್ಲ. ರಾಶಿ ಬಿದ್ದು, ಬಿಸಿಯಾಗಿ, ಬೂಷ್ಟು ಹಿಡಿದು, ಒಣಗಿದ ಸಿಪ್ಪೆಯಿಂದ ಬರುತ್ತದೆ. ಆಲೆಮನೆಯಲ್ಲಿ ಸಿಪ್ಪೆಯನ್ನು ಬಿಸಿಲಿಗೆ ಹರವಿ ಒಣಗಿಸಿ ಬೇಗ ಒಲೆಗೆ ಹಾಕುವುದರಿಂದ ಅಪಾಯ ಕಡಮೆ. ಮಳೆಗೆ ಸಿಕ್ಕಿ ಮೂಲೆಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ರಾಶಿಯನ್ನು ಎಳೆದು ಒಲೆಗೆ ಹಾಕುವವನು ಜಾಗ್ರತೆಯಾಗಿರಬೇಕು. ಸಕ್ಕರೆ, ಕಾಗದ, ರಟ್ಟಿನ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ರೈತರ ಮಕ್ಕಳು ತಿಳಿದಿರಬೇಕಾದದ್ದೆಂದರೆ, 2020ರ ಸಾಮಾಜಿಕ ಭದ್ರತಾ ಸಂಹಿತೆಯ ಕಸುಬು ರೋಗಗಳ ಪಟ್ಟಿಯಲ್ಲಿ ಬಗಾಸೋಸಿಸ್ ಹೆಸರಿದೆ. ಅದಕ್ಕೆ ಹಿಂದಿನ ಪರಿಹಾರ ಕಾಯಿದೆಯ ಪಟ್ಟಿಯಲ್ಲಿಯೂ ಇತ್ತು.

ಅಣಬೆ ಬೆಳೆಯುವವರು ಅಣಬೆಯ ಬೀಜಕಣಗಳ ಬಗ್ಗೆ ಎಚ್ಚರ ವಹಿಸಬೇಕು. ಚಿಪ್ಪಣಬೆಯ ಕೊಡೆ ಅಂಚು ಮೇಲಕ್ಕೆ ಮುದುಡುವಷ್ಟು ಬಲಿತರೆ ಕೋಣೆಯೆಲ್ಲ ಬಿಳಿ ಕಣಗಳು ತುಂಬುತ್ತವೆ. ಅದಕ್ಕೆ ಮೊದಲೇ ಕೊಯ್ದರೆ ಬೆಲೆಯೂ ಚೆನ್ನ, ಎದೆಗೂ ಚೆನ್ನ. ಕೋಳಿಮನೆಯ ಹಳೆಯ ಹಾಸು, ಪಾರಿವಾಳದ ಹಿಕ್ಕೆ, ಅರೆಕೊಳೆತ ಕಾಂಪೋಸ್ಟು, ನೆನೆದ ಕಡಲೆಕಾಯಿ ಬಳ್ಳಿ, ಬೂಷ್ಟು ಹಿಡಿದ ಅಡಿಕೆ ಸಿಪ್ಪೆ ಇವೆಲ್ಲವನ್ನೂ ಅದೇ ಸಂಶಯದಿಂದ ನೋಡಬೇಕು. ಹತ್ತಿ ಧೂಳಿನ ರೋಗ ಬೇರೆ ಬಗೆಯದು, ಅದನ್ನು ಇಲ್ಲಿ ಚರ್ಚಿಸಿಲ್ಲ.

ರಾಗಿ ಹಗೇವಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅಲ್ಲಿ ಬೂಷ್ಟಿನ ಧೂಳಿಗಿಂತ ದೊಡ್ಡ ಅಪಾಯ ಪ್ರಾಣವಾಯು ಇಲ್ಲದಿರುವುದು. ಮುಚ್ಚಿದ್ದ ಹಗೇವಿಗೆ ಇಳಿದವನು ಕ್ಷಣಗಳಲ್ಲಿ ಪ್ರಜ್ಞೆ ತಪ್ಪಬಹುದು, ಎತ್ತಲು ಇಳಿದವನಿಗೂ ಅದೇ ಗತಿ. ಬಾಯಿ ತೆರೆದು ಸಾಕಷ್ಟು ಕಾಲ ಗಾಳಿಯಾಡಿಸದೆ ಯಾರೂ ಇಳಿಯಕೂಡದು. ಇಲ್ಲಿ ಮೂಗಿಗೆ ಕಟ್ಟಿದ ಯಾವ ಮುಸುಕೂ ಕಾಪಾಡದು.

ಕೆಟ್ಟ ಹುಲ್ಲನ್ನು ಮುಟ್ಟಲೇಬೇಕಾದಾಗ

ಎಷ್ಟು ಜಾಗ್ರತೆ ವಹಿಸಿದರೂ ಕೆಲವು ವರ್ಷ ಹುಲ್ಲು ಕೆಡುತ್ತದೆ. ಅದನ್ನು ಕೊಡವಿ ದನಕ್ಕೆ ಹಾಕುವ ಆಸೆಯನ್ನು ಬಿಡುವುದು ಮೇಲು, ದನಕ್ಕೂ ಅದು ಹಿತವಲ್ಲ. ಗೊಬ್ಬರದ ಗುಂಡಿಗೆ ಹಾಕಿ. ಕೀಳುವ ಮೊದಲು ನೀರು ಚಿಮುಕಿಸಿ ನೆನೆಸಿದರೆ ಧೂಳು ಬಹಳ ಮಟ್ಟಿಗೆ ಅಡಗುತ್ತದೆ. ನೆನೆಸಿದ್ದನ್ನು ಅಂದೇ ಸಾಗಿಸಿ ಮುಗಿಸಬೇಕು. ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ನಿಂತು ಕೆಲಸ ಮಾಡಿ. ಕೊಟ್ಟಿಗೆಯೊಳಗೆ ಹುಲ್ಲು ಕೊಡವಬೇಡಿ, ಮೇವು ಕತ್ತರಿಸುವ ಯಂತ್ರವನ್ನು ಒಳಗಿಡಬೇಡಿ. ಮನೆಗಳಲ್ಲಿ ದಿನಾ ಎರಡು ಹೊತ್ತು ಹುಲ್ಲು ಹಾಕುವವರು, ಕೊಟ್ಟಿಗೆ ಗುಡಿಸುವವರು ಹೆಚ್ಚಾಗಿ ಹೆಂಗಸರು. ಮೆದೆ ಕೀಳುವ ಗಂಡಸಿನ ಜ್ವರ ಎಲ್ಲರಿಗೂ ಕಾಣುತ್ತದೆ. ಇವರ ಕೆಮ್ಮನ್ನು ಒಲೆಯ ಹೊಗೆಯ ಲೆಕ್ಕಕ್ಕೆ ಬರೆದು ಬಿಡುವುದುಂಟು.

ಮುಖಕ್ಕೆ ಟವೆಲ್ಲು ಸುತ್ತಿಕೊಂಡರೆ ಸಾಲದೇ ಎಂದು ಕೇಳುವಿರಿ. ಸಾಲದು. ಒಂದು ಮೈಕ್ರಾನಿನ ಕಣಕ್ಕೆ ಟವೆಲ್ಲಿನ ನೇಯ್ಗೆಯ ಸಂದು ಊರಬಾಗಿಲಿನಷ್ಟು ಅಗಲ. ಔಷಧಿ ಅಂಗಡಿಗಳಲ್ಲಿ ಸಿಗುವ ಎನ್-95 ಮುಸುಕು ಇಂಥ ಕಣಗಳನ್ನು ನೂರಕ್ಕೆ ತೊಂಬತ್ತೈದರಷ್ಟು ತಡೆಯುತ್ತದೆ. ಕೊರೋನಾ ಕಾಲದಿಂದ ಈ ಹೆಸರು ಹಳ್ಳಿಗೂ ಪರಿಚಯ. ಎರಡೂ ಪಟ್ಟಿಗಳನ್ನು ತಲೆಯ ಹಿಂದೆ ಹಾಕಿ, ಮೂಗಿನ ಮೇಲಿನ ತಗಡನ್ನು ಒತ್ತಿ, ಅಂಚಿನಿಂದ ಗಾಳಿ ನುಗ್ಗದಂತೆ ಧರಿಸಬೇಕು. ಗಡ್ಡವಿದ್ದರೆ ಸರಿಯಾಗಿ ಕೂರುವುದಿಲ್ಲ. ಬೆವರಿನಿಂದ ಒದ್ದೆಯಾದರೆ ಬದಲಿಸಬೇಕು. ಕೂಲಿಗೆ ಕರೆದವರಿಗೆ ಬುತ್ತಿ ಕೊಡುವಂತೆ ಇದನ್ನೂ ಮೆದೆಯ ಒಡೆಯನೇ ಕೊಡತಕ್ಕದ್ದು.

ಧೂಮಪಾನಿಗಳಲ್ಲಿ ಈ ರೋಗ ಕಡಮೆ ಕಂಡುಬರುತ್ತದೆಂದು ಹಲವು ಅಧ್ಯಯನಗಳು ಹೇಳುತ್ತವೆ. ಇದನ್ನು ಓದಿ ಯಾರೂ ಬೀಡಿ ಕಟ್ಟು ತರಲು ಹೋಗಬೇಡಿ. ಬಂದರೆ ಅವರಲ್ಲಿ ಅದು ಹೆಚ್ಚು ಬಿರುಸಾಗಿ ನಡೆಯುತ್ತದೆ, ಬೀಡಿಯ ಸ್ವಂತ ರೋಗಗಳು ಬೇರೆ ಇದ್ದೇ ಇವೆ.

ಡಾಕ್ಟರಿಗೆ ಹೇಳಬೇಕಾದದ್ದು

ಈ ರೋಗವನ್ನು ಕಂಡುಹಿಡಿಯಲು ರೋಗಿಯ ಬಾಯಿಂದ ಬರುವ ಮಾತೇ ಅರ್ಧ ಪರೀಕ್ಷೆ. ಆರಂಭದಲ್ಲಿ ಎಕ್ಸ್-ರೇ ಚಿತ್ರ ಸರಿಯಾಗಿಯೇ ಇರಬಹುದು. ಊದುವ ಪರೀಕ್ಷೆ, ಸಿ.ಟಿ. ಚಿತ್ರ ಬೇಕಾಗಬಹುದು. ಆದ್ದರಿಂದ ‘ಜ್ವರ, ಕೆಮ್ಮು’ ಎಂದು ಹೇಳಿ ಸುಮ್ಮನಾಗಬೇಡಿ. ಯಾವ ದಿನ ಯಾವ ಕೆಲಸ ಮಾಡಿದಿರಿ, ಎಷ್ಟು ಗಂಟೆಯ ನಂತರ ಚಳಿ ಬಂತು, ಆ ಕೆಲಸ ಬಿಟ್ಟು ನೆಂಟರ ಊರಿಗೆ ಹೋಗಿದ್ದಾಗ ಕೆಮ್ಮು ಕಡಮೆಯಾಯಿತೇ, ಮನೆಯಲ್ಲಿ ಕೋಳಿ, ಪಾರಿವಾಳ, ಕೂಲರ್ ಇವೆಯೇ ಎಂಬುದನ್ನು ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಮರೆಯುವಂತಿದ್ದರೆ ಪಂಚಾಂಗದ ಬದಿಯಲ್ಲಿ ಮೆದೆ ಕಿತ್ತ ದಿನಕ್ಕೊಂದು, ಜ್ವರ ಬಂದ ದಿನಕ್ಕೊಂದು ಗುರುತು ಹಾಕುತ್ತಾ ಬನ್ನಿ. ಎರಡು ಮೂರು ಸಲ ಗುರುತುಗಳು ಒಂದೇ ಮನೆಯಲ್ಲಿ ಬಿದ್ದರೆ ಆ ಪಂಚಾಂಗವನ್ನೇ ಒಯ್ದು ತೋರಿಸಿ.

ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆಂಟಿಬಯಾಟಿಕ್ ಮಾತ್ರೆಗಳಿಂದ ಈ ರೋಗಕ್ಕೆ ಪ್ರಯೋಜನವಿಲ್ಲ. ಬಾವು ಇಳಿಸಲು ಡಾಕ್ಟರು ಸ್ಟೀರಾಯ್ಡ್ ಕೊಡಬಹುದು. ಅದನ್ನು ಅವರು ಹೇಳಿದಷ್ಟು ದಿನ, ಹೇಳಿದ ಪ್ರಮಾಣದಲ್ಲಿ ಮಾತ್ರ ತೆಗೆದುಕೊಳ್ಳಬೇಕು. ಹಳೆಯ ಚೀಟಿ ಹಿಡಿದು ಅಂಗಡಿಯಿಂದ ತಂದು ನುಂಗುತ್ತಾ ಹೋಗುವುದು ಅಪಾಯಕಾರಿ. ಧೂಳಿನ ಸಂಪರ್ಕ ತಪ್ಪದಿದ್ದರೆ ಯಾವ ಮಾತ್ರೆಯೂ ನಿಲ್ಲುವುದಿಲ್ಲ.

ಒಮ್ಮೆ ಈ ರೋಗ ಬಂದವನು ಬೇಸಾಯವನ್ನೇ ಬಿಡಬೇಕೆಂದಲ್ಲ. ಉಳುಮೆ, ನೀರು ಹಾಯಿಸುವುದು, ನಾಟಿ, ಮಾರಾಟದ ಕೆಲಸ ಇವಕ್ಕೆ ಅಡ್ಡಿಯಿಲ್ಲ. ಮೆದೆ ಕೀಳುವುದು, ಹೊಟ್ಟು ತೂರುವುದು, ಮೇವು ಕತ್ತರಿಸುವುದು, ಹಳೆಯ ಕಾಳಿನ ಕೋಣೆ ಗುಡಿಸುವುದು ಇಷ್ಟನ್ನು ಮನೆಯಲ್ಲಿ ಬೇರೆಯವರು ವಹಿಸಿಕೊಳ್ಳಬೇಕು, ಅವರೂ ಮುಸುಕು ಧರಿಸಿ. ಎರಡು ಹಸು ಹೆಚ್ಚಾಗಿರುವ ಮನೆಯಾದರೆ ಒಣಹುಲ್ಲಿನ ಭಾಗವನ್ನು ಕಡಮೆ ಮಾಡಿ ಹಸಿರು ಮೇವಿನ ಕಡೆಗೆ ತಿರುಗಬಹುದು. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಜಿಲ್ಲಾ ಆಸ್ಪತ್ರೆಯಲ್ಲೋ ವೈದ್ಯಕೀಯ ಕಾಲೇಜಿನ ಎದೆರೋಗ ವಿಭಾಗದಲ್ಲೋ ಊದುವ ಪರೀಕ್ಷೆ ಮಾಡಿಸಿ, ಹಿಂದಿನ ವರ್ಷದ ಚೀಟಿಯನ್ನು ಜೊತೆಗೆ ಒಯ್ದರೆ ಉಸಿರಿನ ಅಳತೆ ಇಳಿದಿದೆಯೋ ಇಲ್ಲವೋ ಎಂಬುದು ಎರಡೂ ಚೀಟಿಗಳನ್ನು ಪಕ್ಕದಲ್ಲಿಟ್ಟಾಗಲೇ ತಿಳಿಯುತ್ತದೆ.